ಬೇಸಿಗೆ ಸೂಟಿ ಕತ್ತರಿಸಿದರೆ ಪಾಠ ಹೆಚ್ಚಾಗುತ್ತಾ? ರಾಯಚೂರು ಬಿಸಿಲಿನಲ್ಲಿ ಒಂದು ಲೆಕ್ಕ

ರಾಯಚೂರು: ಏಪ್ರಿಲ್ 10ಕ್ಕೆ ನಿಂತ ಶಾಲೆ ಗಂಟೆ ಮತ್ತೆ ಬಾರಿಸುವುದು ಮೇ 29ಕ್ಕೆ. ನಡುವೆ ಪೂರಾ 48 ದಿನ. ಮೊದಲ ವಾರ ಹುಡುಗರು ಅಜ್ಜಿ ಊರು, ಜಾತ್ರೆ, ಕ್ರಿಕೆಟ್ ಅಂತ ಓಡಾಡುತ್ತಾರೆ. ಎರಡನೇ ವಾರಕ್ಕೆ ಮನೆಯವರಿಗೆ ಸಾಕಾಗುತ್ತದೆ. ಮೂರನೇ ವಾರದಿಂದ ಚಹಾದಂಗಡಿ, ಕಿರಾಣಿ ಅಂಗಡಿ, ಬಸ್‌ಸ್ಟ್ಯಾಂಡ್ ಎಲ್ಲ ಕಡೆ ಒಂದೇ ಮಾತು: 'ಇಷ್ಟು ದಿನ ಸೂಟಿ ಯಾಕ್ರಿ? ಹುಡುಗ್ರು ಮೊಬೈಲ್ ಹಿಡಿದು ಕುಂತಾವ. ಹದಿನೈದು ದಿನ ಮೊದಲೇ ಸಾಲಿ ಶುರು ಮಾಡಿದ್ರ ಏನಾಗ್ತದ?'

ಈ ಮಾತನ್ನು ತೆಗೆದುಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಶಟರ್ ಎತ್ತಿ ರಾತ್ರಿ 9ಕ್ಕೆ ಇಳಿಸುವ ಅಂಗಡಿಯವರ ಮನೆಯಲ್ಲಿ, ಗಂಡ-ಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬುದು ನಿಜವಾದ ಪ್ರಶ್ನೆ. ಎಡದಂಡೆ ನಾಲೆ, ನಾರಾಯಣಪುರ ಬಲದಂಡೆ ನಾಲೆ ಹತ್ತಿರದ ಊರುಗಳಲ್ಲಿ ಹುಡುಗರು ಈಜಲು ಹೋದರೆ ವಾಪಸ್ ಬರುವ ತನಕ ತಾಯಂದಿರಿಗೆ ಜೀವ ಕೈಯಲ್ಲಿ. ಒಂದೂವರೆ ತಿಂಗಳು ಪುಸ್ತಕ ಮುಟ್ಟದ ಮಗು ಜೂನ್‌ನಲ್ಲಿ ಮಗ್ಗಿ ಮರೆತು ಬರುತ್ತದೆ ಎಂದು ಮಾಸ್ತರುಗಳೇ ಹೇಳುತ್ತಾರೆ. ಹಾಗಾಗಿ ಸೂಟಿ ಕಡಿಮೆ ಮಾಡಬೇಕು ಎನ್ನುವವರ ಮಾತಿನಲ್ಲಿ ತೂಕ ಇದೆ.

ಆದರೆ ಸೂಟಿ ಕತ್ತರಿಸಿದ ಕೂಡಲೇ ಪಾಠ ಹೆಚ್ಚಾಗುತ್ತದಾ? ಈ ಜಿಲ್ಲೆಯ ಬಿಸಿಲು, ಗುಳೆ, ಶಿಕ್ಷಕರ ಲೆಕ್ಕ ಎಲ್ಲ ಸೇರಿಸಿ ನೋಡಿದರೆ ಉತ್ತರ ಅಷ್ಟು ಸರಳವಾಗಿಲ್ಲ.

ಮೊದಲು ದಿನಗಳ ಲೆಕ್ಕ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೆಯಬೇಕು. ಶಿಕ್ಷಣ ಇಲಾಖೆಯ 2023-24ರ ವಾರ್ಷಿಕ ವೇಳಾಪಟ್ಟಿಯಲ್ಲಿ ಒಟ್ಟು 244 ಶಾಲಾ ದಿನ ಇದ್ದವು. ಅಂದರೆ ಈಗಿರುವ ಬೇಸಿಗೆ ರಜೆ, ದಸರಾ ರಜೆ ಎಲ್ಲ ಕೊಟ್ಟ ಮೇಲೂ ಕಾನೂನು ಕೇಳುವುದಕ್ಕಿಂತ ಹೆಚ್ಚು ದಿನ ಕಾಗದದ ಮೇಲೆ ಇವೆ.

ಆ 244 ದಿನದ ಒಳಗೆ ಇಳಿದು ನೋಡಿದರೆ ಬೇರೆ ಕತೆ. ಪರೀಕ್ಷೆ ಮತ್ತು ಮೌಲ್ಯಾಂಕನಕ್ಕೆ 26 ದಿನ, ಪಠ್ಯೇತರ ಚಟುವಟಿಕೆಗೆ 24, ಫಲಿತಾಂಶ ವಿಶ್ಲೇಷಣೆಗೆ 10, ಸ್ಥಳೀಯ ರಜೆಗೆ 4. ಉಳಿದದ್ದು 180. ಇದೇ ನಿಜವಾದ ಪಾಠದ ದಿನ. ಈ 180ರಲ್ಲೂ ಎಷ್ಟು ದಿನ ಶಿಕ್ಷಕರು ತರಗತಿಯಲ್ಲಿ ಇರುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ.

ಮೇ 29ರ ಬದಲು ಮೇ 15ಕ್ಕೆ ಶಾಲೆ ತೆರೆದರೆ ಎಷ್ಟು ಸಿಗುತ್ತದೆ? 14 ದಿನ. ಎರಡು ಭಾನುವಾರ ಕಳೆದರೆ 12. ಇಷ್ಟಕ್ಕಾಗಿ ಇಡೀ ಜಿಲ್ಲೆಯ ಮಕ್ಕಳನ್ನು ಮೇ ಬಿಸಿಲಿನಲ್ಲಿ ಶಾಲೆಗೆ ಕರೆಯಬೇಕಾ ಎಂದು ಕೇಳುವ ಮೊದಲು, ವರ್ಷದ ನಡುವೆ ಎಷ್ಟು ದಿನ ಸೋರಿ ಹೋಗುತ್ತಿವೆ ಎಂದು ನೋಡಬೇಕು.

ಸೋರಿಕೆ ಮೇ ತಿಂಗಳಲ್ಲಿ ಇಲ್ಲ

ಕಳೆದ ವರ್ಷದ ಉದಾಹರಣೆ ಎಲ್ಲರಿಗೂ ನೆನಪಿದೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಜನರ ಬಾಯಲ್ಲಿ ಅದು ಜಾತಿ ಗಣತಿ. ಮನೆ ಮನೆಗೆ ಹೋದವರು ಬಹುತೇಕ ಶಿಕ್ಷಕರೇ. ದಸರಾ ರಜೆಯಲ್ಲಿ ಮುಗಿಯಬೇಕಿದ್ದ ಕೆಲಸ ಮುಗಿಯಲಿಲ್ಲ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ರಜೆಯನ್ನು ಸರ್ಕಾರಿ, ಅನುದಾನಿತ ಶಾಲೆಗಳಿಗೆ 18ರವರೆಗೆ ವಿಸ್ತರಿಸಲಾಯಿತು. ಒಂದೇ ಆದೇಶಕ್ಕೆ ಎಂಟು-ಹತ್ತು ಪಾಠದ ದಿನ ಹೋದವು. ಬೇಸಿಗೆ ಸೂಟಿ ಎರಡು ವಾರ ಕತ್ತರಿಸಿದರೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಆ ವಿಸ್ತರಣೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಹಾಗಾಗಿ ಫೀ ಕಟ್ಟುವ ಮಗುವಿಗೂ ಫೀ ಕಟ್ಟಲಾಗದ ಮಗುವಿಗೂ ಪಾಠದ ಅಂತರ ಹೆಚ್ಚಾಗಿದ್ದು ಬೇಸಿಗೆಯಲ್ಲಿ ಅಲ್ಲ, ಶಾಲೆ ನಡೆಯಬೇಕಾದ ಅಕ್ಟೋಬರ್‌ನಲ್ಲಿ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಬೋಧನೆ ಬಿಟ್ಟು ಬೇರೆ ಕೆಲಸಕ್ಕೆ ಹಾಕಬಾರದು ಎನ್ನುತ್ತದೆ. ವಿನಾಯಿತಿ ಮೂರಕ್ಕೆ ಮಾತ್ರ: ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ. ಶಿಕ್ಷಕರು ವರ್ಷವಿಡೀ ಮಾಡುವ ಕೆಲಸಗಳ ಪಟ್ಟಿ ಇದಕ್ಕಿಂತ ಬಹಳ ಉದ್ದ ಎಂಬುದು ಯಾವುದೇ ಊರಿನ ಎಸ್‌ಡಿಎಂಸಿ ಸದಸ್ಯರಿಗೆ ಗೊತ್ತು.

ಇನ್ನು 2027ರ ಜನಗಣತಿ. ಅದರ ಮೊದಲ ಹಂತವಾದ ಮನೆಪಟ್ಟಿ ಕೆಲಸ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಪ್ರತಿ ರಾಜ್ಯದಲ್ಲೂ 30 ದಿನ ನಡೆಯಬೇಕು. ಇಂಥ ಕೆಲಸ ಸೂಟಿಯಲ್ಲಿ ಬಂದರೆ ಶಿಕ್ಷಕರ ವಿಶ್ರಾಂತಿ ಹೋಗುತ್ತದೆ. ಶಾಲೆ ದಿನಗಳಲ್ಲಿ ಬಂದರೆ ಮಕ್ಕಳ ಪಾಠ ಹೋಗುತ್ತದೆ. ಇಷ್ಟು ವರ್ಷ ಸರ್ಕಾರದ ಇಂಥ ಕೆಲಸಗಳ ಭಾರ ಹೊತ್ತುಕೊಂಡಿದ್ದೇ ಬೇಸಿಗೆ ಸೂಟಿ. ಅದನ್ನು ಸಣ್ಣದು ಮಾಡಿ, ಕೆಲಸಗಳನ್ನು ಕಡಿಮೆ ಮಾಡದಿದ್ದರೆ ಆ ಭಾರ ನೇರವಾಗಿ ತರಗತಿಯ ಮೇಲೆ ಬೀಳುತ್ತದೆ.

ಮಾಸ್ತರಿಗೆ ಎರಡು ತಿಂಗಳು ಪುಕ್ಕಟೆ ಪಗಾರವಾ?

ಬಜಾರಿನಲ್ಲಿ ಕೇಳಿಬರುವ ಇನ್ನೊಂದು ಮಾತು ಇದು. ಉತ್ತರ ಸೇವಾ ನಿಯಮದಲ್ಲಿದೆ. ಬೇರೆ ಇಲಾಖೆ ನೌಕರರಿಗೆ ವರ್ಷಕ್ಕೆ 30 ಗಳಿಕೆ ರಜೆ ಸಿಗುತ್ತವೆ. ಶಿಕ್ಷಕರದ್ದು ರಜೆ ಸಹಿತ ಇಲಾಖೆ ಎಂಬ ಕಾರಣಕ್ಕೆ ಅವರಿಗೆ ಸಿಗುವುದು ಅದರಲ್ಲಿ ಸಣ್ಣ ಪಾಲು. ಸೂಟಿ ಕತ್ತರಿಸಿ ಕೆಲಸಕ್ಕೆ ಕರೆದರೆ ಅದಕ್ಕೆ ಬದಲಿಯಾಗಿ ಗಳಿಕೆ ರಜೆ ಕೊಡಬೇಕಾಗುತ್ತದೆ. ಆ ರಜೆಯನ್ನು ಅವರು ಬಳಸುವುದು ಜುಲೈ, ಆಗಸ್ಟ್‌ನಲ್ಲಿ, ಶಾಲೆ ನಡೆಯುವಾಗ. ಇಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಒಬ್ಬರು ರಜೆ ಹಾಕಿದರೆ ಐದು ತರಗತಿಯನ್ನು ಒಬ್ಬರೇ ಹಿಡಿಯಬೇಕು. ಮೇನಲ್ಲಿ ಉಳಿಸಿದ್ದು ಆಗಸ್ಟ್‌ನಲ್ಲಿ ಹೋಯಿತು.

ಅತಿಥಿ ಶಿಕ್ಷಕರ ವಿಷಯ ಇನ್ನೂ ಬಿಗಿ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಖಾಲಿ ಹುದ್ದೆಗಳನ್ನು ತುಂಬಿ ಪಾಠ ನಡೆಸುತ್ತಿರುವುದು ಬಹುಪಾಲು ಅವರೇ. ಅವರ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕೆ ಮಾತ್ರ, ಸೂಟಿಗೆ ಗೌರವಧನ ಇಲ್ಲ. ಮೇ 15ಕ್ಕೆ ಶಾಲೆ ತೆರೆಯುವುದಾದರೆ ಅತಿಥಿ ಶಿಕ್ಷಕರ ಆದೇಶ ಮೇ 14ಕ್ಕೇ ಕೈಯಲ್ಲಿರಬೇಕು. ಬಾಗಿಲು ತೆರೆದ ಮೇಲೆ ಶಿಕ್ಷಕರನ್ನು ಹುಡುಕುವುದಾದರೆ ಬೇಗ ತೆರೆದು ಏನು ಉಪಯೋಗ?

2022ರಲ್ಲಿ ಒಮ್ಮೆ ಮಾಡಿ ನೋಡಲಾಗಿದೆ

ಸೂಟಿ ಕಡಿತ ಹೊಸ ವಿಚಾರವಲ್ಲ. 2022ರಲ್ಲಿ ರಾಜ್ಯ ಸರ್ಕಾರ ಮೇ 16ಕ್ಕೇ ಶಾಲೆ ತೆರೆಯಿತು. ಆಗ ಶಿಕ್ಷಣ ಸಚಿವರಾಗಿದ್ದವರು ಬಿ.ಸಿ. ನಾಗೇಶ್. ಕಾರಣವೂ ಗಟ್ಟಿಯಾಗಿತ್ತು. ಕೊರೊನಾದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ್ದ ಶಾಲೆಗಳಲ್ಲಿ 1ರಿಂದ 5ನೇ ತರಗತಿ ಮಕ್ಕಳು ಮತ್ತೆ ಕುಳಿತಿದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷ ಅಕ್ಷರ ಬಿಟ್ಟ ಮಕ್ಕಳಿಗೆ 'ಕಲಿಕಾ ಚೇತರಿಕೆ' ಕಾರ್ಯಕ್ರಮ ಮಾಡಲು ಹೆಚ್ಚು ದಿನ ಬೇಕಿತ್ತು.

ಆದರೆ ಮರುವರ್ಷವೇ ಶಾಲೆ ಮತ್ತೆ ಮೇ 29ಕ್ಕೆ ಬಂತು. 2022ರ ಕ್ರಮ ಒಂದು ತುರ್ತಿನ ಕ್ರಮವಾಗಿತ್ತು. ಆ ಸಲ ದಿನಗಳ ಜತೆಗೆ ಏನು ಕಲಿಸಬೇಕು ಎಂಬ ಯೋಜನೆ, ಅದಕ್ಕೆ ಬೇರೆ ಪುಸ್ತಕ ಎಲ್ಲ ಇದ್ದವು. ಬರೀ ದಿನ ಹೆಚ್ಚಿಸುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಬಿಸಿಲಿಗೆ ಸರ್ಕಾರಿ ಕಚೇರಿಯೇ ಮಧ್ಯಾಹ್ನ ಬಾಗಿಲು ಹಾಕುತ್ತದೆ

ರಾಯಚೂರಿನಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬಯಲು ಪ್ರದೇಶದಲ್ಲಿ ಬಿಸಿಗಾಳಿ ಎಂದು ಹವಾಮಾನ ಇಲಾಖೆ ಪರಿಗಣಿಸಲು ಶುರುಮಾಡುವುದೇ 40 ಡಿಗ್ರಿಯಿಂದ. ಕಲಬುರಗಿ ವಿಭಾಗದ ಜಿಲ್ಲೆಗಳು, ವಿಜಯಪುರ, ಬಾಗಲಕೋಟೆಯಲ್ಲಿ ಈ ಎರಡು ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಫ್ಯಾನಿನ ಕೆಳಗೆ ಕೂತ ದೊಡ್ಡವರಿಗೇ ಮಧ್ಯಾಹ್ನ ಕೂರಲು ಆಗುವುದಿಲ್ಲ ಎಂದು ಸರ್ಕಾರವೇ ಒಪ್ಪಿದ ಮೇಲೆ, ಕರೆಂಟ್ ಹೋದರೆ ಫ್ಯಾನೂ ಇಲ್ಲದ ಕೋಣೆಯಲ್ಲಿ 40 ಮಕ್ಕಳನ್ನು ಕೂರಿಸಿ ಕಲಿಸಿ ಎಂದರೆ ಏನು ಕಲಿಯುತ್ತಾರೆ? ಕುಡಿಯುವ ನೀರಿಗೆ ಊರೇ ಟ್ಯಾಂಕರ್ ಕಾಯುವ ದಿನಗಳಲ್ಲಿ ಶಾಲೆಯ ತೊಟ್ಟಿ, ಶೌಚಾಲಯಕ್ಕೆ ನೀರು ತರುವುದೂ ಯಾರದೋ ಹೆಗಲ ಮೇಲೆ ಬೀಳುತ್ತದೆ.

'ಹಾಗಾದರ ಬೆಳಿಗ್ಗೆ 7.30ರಿಂದ 11.30 ನಡಸ್ರಿ' ಎನ್ನುವವರಿದ್ದಾರೆ. ಆಗಬಹುದು. ಆದರೆ ಅರ್ಧ ದಿನ ನಡೆದರೆ ಆ 12 ದಿನ ಆರಕ್ಕೆ ಇಳಿಯಿತು ಎಂದೂ ಲೆಕ್ಕ ಹಾಕಬೇಕು.

ಪಕ್ಕದ ರಾಜ್ಯಗಳನ್ನು ನೋಡಿದರೂ ಇದೇ ಗೊಂದಲ. ರಾಯಚೂರಿನ ಗಡಿಗೆ ಹತ್ತಿಕೊಂಡಿರುವ ತೆಲಂಗಾಣ, ಆಂಧ್ರದಲ್ಲಿ ಶಾಲೆ ತೆರೆಯುವುದು ಜೂನ್ 12ರ ಹೊತ್ತಿಗೆ. ಗೋವಾ 2025ರಲ್ಲಿ 6ನೇ ತರಗತಿಯಿಂದ ಮೇಲಿನವರಿಗೆ ಏಪ್ರಿಲ್ 7ಕ್ಕೇ ಹೊಸ ವರ್ಷ ಶುರು ಮಾಡಿತು, ಬಿಸಿಲಿನ ಕಾರಣ ಹೇಳಿ ಪಾಲಕರು ವಿರೋಧಿಸಿದರು. ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ ಏಪ್ರಿಲ್-ಮೇ ರಜೆಯನ್ನು ಮಳೆಗಾಲದ ಜೂನ್-ಜುಲೈಗೆ ಒಯ್ಯಬಹುದೇ ಎಂದು 2025ರಲ್ಲಿ ಜನರ ಅಭಿಪ್ರಾಯ ಕೇಳಿದರು. ಮಳೆಗೆ ಶಾಲೆ ಮುಚ್ಚುವ ಕರಾವಳಿ, ಕೊಡಗಿನವರಿಗೆ ಕೇರಳದ ಮಾತು ಹತ್ತಿರವಾಗಬಹುದು. ಮಾನ್ವಿ, ದೇವದುರ್ಗದವರಿಗೆ ಅಲ್ಲ. ಒಂದು ರಾಜ್ಯಕ್ಕೆ ಒಂದೇ ವೇಳಾಪಟ್ಟಿ ಇರಬೇಕಾ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಗುಳೆ ಹೋದ ಮನೆಗೆ ಮೇ 15 ಎಂದರೆ ಏನು?

ದೇವದುರ್ಗ, ಲಿಂಗಸುಗೂರು, ಮಸ್ಕಿ, ಮಾನ್ವಿ ಕಡೆಯ ಎಷ್ಟೋ ಮನೆಗಳಿಗೆ ಬೇಸಿಗೆ ಎಂದರೆ ಗುಳೆ. ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ಕಟ್ಟಡ ಕೆಲಸ. ಮುಂಗಾರು ಬಿದ್ದರೆ ವಾಪಸ್. ಪರೀಕ್ಷೆ ಮುಗಿದ ಕೂಡಲೇ ಅಜ್ಜಿ ಹತ್ತಿರ ಬಿಟ್ಟಿದ್ದ ಮಕ್ಕಳನ್ನೂ ಕರೆದುಕೊಂಡು ಹೋಗುವವರು ಇದ್ದಾರೆ. ಇವರಿಗೆ ಸೂಟಿ ಎಂದರೆ ಅಪ್ಪ-ಅವ್ವನ ಜತೆ ಇರುವ ಒಂದೂವರೆ ತಿಂಗಳು, ಅದು ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಾದರೂ ಸರಿ.

ಈ ಸಲ ಒತ್ತಡ ಹೆಚ್ಚಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿ ಹೋದ ಮೇಲೆ ಎಲ್ಲ 33 ಗೇಟ್ ಬದಲಿಸುವ ಕೆಲಸಕ್ಕಾಗಿ, 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ನಿರ್ಧಾರವಾಯಿತು. ಸಿಂಧನೂರು, ಮಾನ್ವಿ ಭಾಗದಲ್ಲಿ ಬೇಸಿಗೆ ಭತ್ತದ ಕೆಲಸ ಇಲ್ಲ ಎಂದರೆ ಕೂಲಿ ಇಲ್ಲ. ಕೂಲಿ ಇಲ್ಲದ ಮನೆ ಊರು ಬಿಡುತ್ತದೆ. ಮೇ 15ಕ್ಕೆ ಗಂಟೆ ಬಾರಿಸಿದರೆ ಈ ಮಕ್ಕಳು ತರಗತಿಯಲ್ಲಿ ಇರುವುದು ಕಷ್ಟ. ಜೂನ್‌ನಲ್ಲಿ ಬಂದಾಗ ಎರಡು ವಾರದ ಪಾಠ ಆಗಲೇ ಮುಗಿದಿರುತ್ತದೆ. ಹಿಂದುಳಿದವರನ್ನು ಮುಂದೆ ತರಲು ಎಂದು ಮಾಡಿದ ಕೆಲಸ ಅವರನ್ನೇ ಇನ್ನಷ್ಟು ಹಿಂದೆ ಬಿಟ್ಟಂತಾಗುತ್ತದೆ.

ಪಾಠಕ್ಕಿಂತ ಮೊದಲು ನಿಲ್ಲುವುದು ಊಟ

ಸೂಟಿಯ ನಿಜವಾದ ನಷ್ಟ ಎಲ್ಲಿದೆ ಎಂದು ಹುಡುಕಿದರೆ ಅದು ತಟ್ಟೆಯಲ್ಲಿದೆ. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ಬಿಸಿಯೂಟ, ಹಾಲು, ವಾರಕ್ಕೆ ಆರು ದಿನ ಮೊಟ್ಟೆ ಇಲ್ಲವೇ ಬಾಳೆಹಣ್ಣು ಸಿಗುತ್ತದೆ. ಏಪ್ರಿಲ್ 11ರಿಂದ ಎಲ್ಲವೂ ಬಂದ್. ಕೂಲಿ ಇಲ್ಲದ ತಿಂಗಳಲ್ಲೇ ಮನೆಯಲ್ಲಿ ಒಂದು ಹೊತ್ತಿನ ಊಟದ ಖರ್ಚು ಹೆಚ್ಚಾಗುತ್ತದೆ.

ಇದಕ್ಕೆ ದಾರಿ ಇಲ್ಲ ಎನ್ನುವಂತಿಲ್ಲ. 2024ರ ಬರಗಾಲದಲ್ಲಿ 223 ಬರಪೀಡಿತ ತಾಲೂಕುಗಳಲ್ಲಿ ಬೇಸಿಗೆ ರಜೆಯ 41 ದಿನವೂ ಬಿಸಿಯೂಟ ಕೊಡಲು ಸರ್ಕಾರ ಆದೇಶ ಮಾಡಿತ್ತು. ರಾಯಚೂರು ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಅಂದರೆ ಪಾಠ ಇಲ್ಲದೆ ಅಡುಗೆ ಮನೆ ಮಾತ್ರ ತೆರೆಯುವ ವ್ಯವಸ್ಥೆ ಇದೆ, ಮಾಡಿಯೂ ಆಗಿದೆ. ಬರ ಘೋಷಣೆಯಾದ ವರ್ಷ ಮಾತ್ರ ಹಸಿವಾಗುವುದಿಲ್ಲ. ನಾಲೆಗೆ ನೀರು ಬಾರದ ವರ್ಷವೂ ಹಸಿವಾಗುತ್ತದೆ.

ಅಂಗಡಿ ಲೆಕ್ಕ

ಸೂಟಿ ಹಿಂದೆ ಮುಂದೆ ಆದರೆ ಬಜಾರಿಗೂ ತಟ್ಟುತ್ತದೆ. ನೋಟ್‌ಬುಕ್, ಬ್ಯಾಗ್, ಬೂಟು, ಯೂನಿಫಾರ್ಮ್ ಹೊಲಿಗೆ, ಇವರೆಲ್ಲರ ಸೀಜನ್ ಮೇ ಕೊನೆ ವಾರದಿಂದ ಜೂನ್ ಎರಡನೇ ವಾರ. ಶಾಲೆ ಮೇ 15ಕ್ಕೆ ಬಂದರೆ ಈ ಖರ್ಚು ಮದುವೆ ಸೀಜನ್ ನಡುವೆ ಬೀಳುತ್ತದೆ. ಬಟ್ಟೆ ಅಂಗಡಿ, ಬಂಗಾರದ ಅಂಗಡಿಗೆ ಹೋಗುವ ದುಡ್ಡಿನ ಜತೆ ಪುಸ್ತಕದ ದುಡ್ಡು, ಅದರ ಮೇಲೆ ಬೀಜ-ಗೊಬ್ಬರದ ದುಡ್ಡು. ಒಂದೇ ಕಿಸೆಯಿಂದ ಮೂರೂ ತೆಗೆಯಬೇಕು. ಕೊನೆಗೆ ಹೆಚ್ಚಾಗುವುದು ಉದ್ರಿ ಖಾತೆ. ನೋಟ್‌ಬುಕ್ ಅಂಗಡಿಯವರಿಗೆ ಒಟ್ಟು ವ್ಯಾಪಾರ ಅಷ್ಟೇ ಇರುತ್ತದೆ, ದುಡ್ಡು ಬರುವುದು ತಡವಾಗುತ್ತದೆ.

ಇನ್ನೊಂದು ವಿಷಯ ಅಂಗಡಿಯವರು ಗಮನಿಸಲೇಬೇಕು. ಸೂಟಿಯಲ್ಲಿ ಹುಡುಗರು ಗಲ್ಲಾದ ಹತ್ತಿರ ಕೂರುವುದು ಸಾಮಾನ್ಯ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಪ್ರಕಾರ 14 ವರ್ಷದೊಳಗಿನ ಮಗು ತನ್ನ ಸ್ವಂತ ಕುಟುಂಬದ, ಅಪಾಯವಿಲ್ಲದ ಕೆಲಸದಲ್ಲಿ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು. ಅಷ್ಟೇ. ಪರಿಚಯದವರ ಮಗ, ಪಕ್ಕದೂರಿನ ಹುಡುಗ ಎಂದು ಎರಡು ತಿಂಗಳಿಗೆ ಹೋಟೆಲಿಗೆ, ಗ್ಯಾರೇಜಿಗೆ ಇಟ್ಟುಕೊಂಡರೆ ಅಪರಾಧ. 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ ಎರಡೂ ಆಗಬಹುದು. ಸೂಟಿಯಲ್ಲಿ ದುಡಿಮೆ ರುಚಿ ಹತ್ತಿದ ಹುಡುಗ ಜೂನ್‌ನಲ್ಲಿ ಶಾಲೆಗೆ ಬರದಿದ್ದರೆ ಆ ನಷ್ಟಕ್ಕೆ ದಂಡದ ಲೆಕ್ಕವೂ ಸಾಲದು. ಸೂಟಿ ಕಡಿಮೆ ಮಾಡಬೇಕು ಎನ್ನುವವರ ಅತ್ಯಂತ ಬಲವಾದ ವಾದ ಇದೇ, ಇದನ್ನು ಒಪ್ಪಲೇಬೇಕು.

ಹಾಗಾದರೆ ಏನು ಮಾಡಬೇಕು?

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಉಳಿಯುವುದು ಇಷ್ಟು: ಈ ಜಿಲ್ಲೆಯಲ್ಲಿ ಮೇ ತಿಂಗಳ ಪಾಠದ ದಿನಗಳಿಗೆ ಬೆಲೆ ಕಡಿಮೆ, ಜೂನ್‌ನಿಂದ ಮಾರ್ಚ್‌ವರೆಗಿನ ದಿನಗಳಿಗೆ ಬೆಲೆ ಹೆಚ್ಚು. ಬೆಲೆ ಇರುವ ದಿನಗಳನ್ನು ಬಿಟ್ಟುಕೊಟ್ಟು ಬೆಲೆ ಇಲ್ಲದ ದಿನಗಳನ್ನು ತರುವುದು ನಷ್ಟದ ವ್ಯಾಪಾರ.

ಸರ್ಕಾರ ಮಾಡಬೇಕಾದ್ದು ಎರಡು. ಮೇ 29ಕ್ಕೆ ಬಾಗಿಲು ತೆರೆಯುವ ದಿನವೇ ಅತಿಥಿ ಶಿಕ್ಷಕರು, ಪಠ್ಯಪುಸ್ತಕ ಶಾಲೆಯಲ್ಲಿ ಇರಬೇಕು. ಶಿಕ್ಷಣ ಹಕ್ಕು ಕಾಯ್ದೆ ಹೇಳಿದ ಮೂರು ಕೆಲಸ ಬಿಟ್ಟು ನಾಲ್ಕನೆಯದಕ್ಕೆ ಶಾಲೆ ದಿನಗಳಲ್ಲಿ ಶಿಕ್ಷಕರನ್ನು ಕರೆಯಬಾರದು. ಇವೆರಡನ್ನು ಸರಿ ಮಾಡಿದರೆ ಸೂಟಿ ಮುಟ್ಟದೆಯೇ 12 ದಿನಕ್ಕಿಂತ ಹೆಚ್ಚು ಪಾಠ ಸಿಗಲು ಅವಕಾಶ ಇದೆ.

ಊರಿನ ಮಟ್ಟದಲ್ಲಿ ಆಗಬೇಕಾದ್ದೂ ಇದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಬೇಸಿಗೆಯಲ್ಲಿ ಅಲ್ಲಿ ಮಕ್ಕಳ ಶಿಬಿರ ನಡೆಸಿದ ಊರುಗಳೂ ಇವೆ. ಬೆಳಿಗ್ಗೆ 8ರಿಂದ 10.30, ಓದು, ಲೆಕ್ಕದ ಆಟ, ಆಮೇಲೆ ಶಾಲೆಯ ಅಡುಗೆ ಮನೆಯಲ್ಲಿ ಊಟ, ಬಿಸಿಲೇರುವ ಮೊದಲು ಮನೆ. ಹಾಜರಿ ಕಡ್ಡಾಯ ಬೇಡ, ಗುಳೆ ಹೋದವರಿಗೆ ಪಾಠ ತಪ್ಪಿತೆಂಬ ಚಿಂತೆಯೂ ಬೇಡ. ಊರಲ್ಲೇ ಉಳಿದ, ಹಸಿದ, ಮೊಬೈಲ್ ಹಿಡಿದ, ನಾಲೆ ಕಡೆ ಓಡುವ ಮಗುವಿಗೆ ಹೋಗಲು ಒಂದು ಜಾಗ ಸಿಕ್ಕರೆ ಸಾಕು. ಬಿಸಿಯೂಟ ಸಿಬ್ಬಂದಿಗೆ ಈಗ ಗೌರವಧನ ಹತ್ತು ತಿಂಗಳಿಗೆ ಮಾತ್ರ. ಬೇಸಿಗೆಯಲ್ಲಿ ಒಲೆ ಹೊತ್ತಿಸಬೇಕಾದರೆ ಅವರ ಆ ದಿನಗಳ ದುಡಿಮೆಗೂ ದುಡ್ಡು ಇಡಬೇಕು, ಪುಕ್ಕಟೆ ಸೇವೆ ಕೇಳಬಾರದು.

ಇದಕ್ಕೆ ವಿಧಾನಸೌಧದ ಆದೇಶ ಬರುವ ತನಕ ಕಾಯಬೇಕಿಲ್ಲ. ಎಸ್‌ಡಿಎಂಸಿ ಸಭೆ ಕರೆದು ಪಂಚಾಯಿತಿಗೆ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಡಬಹುದು. ಬಜಾರಿನ ವ್ಯಾಪಾರಿಗಳು ಒಂದು ಕ್ಯಾನ್ ತಣ್ಣನೆಯ ನೀರು, ಹತ್ತು ಕತೆ ಪುಸ್ತಕ, ಎರಡು ಕೇರಂ ಬೋರ್ಡ್ ಕೊಟ್ಟರೂ ಶಿಬಿರ ಶುರುವಾಗುತ್ತದೆ.

ಸೂಟಿ 48 ದಿನ ಇರಬೇಕಾ, 34 ದಿನ ಇರಬೇಕಾ ಎಂಬ ಚರ್ಚೆ ಪ್ರತಿ ಬೇಸಿಗೆ ಬರುತ್ತದೆ, ಮೊದಲ ಮಳೆಗೆ ಮರೆತೂ ಹೋಗುತ್ತದೆ. ಮಳೆ ಬಿದ್ದ ಮೇಲೂ ಕೇಳಬೇಕಾದ ಪ್ರಶ್ನೆ ಒಂದಿದೆ: 'ಇವತ್ತು ನಮ್ಮೂರ ಸಾಲ್ಯಾಗ ಎಷ್ಟು ಮಂದಿ ಮಾಸ್ತರು ಅದಾರ?' ಸೂಟಿ ಬಗ್ಗೆ ಕೇಳಿದಷ್ಟೇ ಜೋರಾಗಿ ಇದನ್ನೂ ಜುಲೈನಲ್ಲಿ ಕೇಳಿದರೆ ಮಕ್ಕಳಿಗೆ ಲಾಭ ಹೆಚ್ಚು.